ಟವೆಲಿನೊಳಗೆ ಗಿಟಾರಿನ ಬೆಲೆ

ಬಂಡಳ್ಳಿಯ ಶಿವರುದ್ರಸ್ವಾಮಿ ದನದ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವವನಲ್ಲ. ಕೈಮೇಲೆ ಟವೆಲ್ ಹೊದಿಸಿ, ಕೊಳ್ಳುವವನ ಬೆರಳು ಒತ್ತಿ, ಅಲ್ಲೇ ವ್ಯಾಪಾರ ಕುದುರಿಸುವವನು. ನಾಲ್ಕು ಜನರ ಕಣ್ಣಿಗೆ ಬಿದ್ದ ಬೆಲೆ ಕೆಟ್ಟ ಹಾಗೇ ಎಂದು ಅವನ ನಂಬಿಕೆ.

ಮಗಳು ನಾಗಶ್ರೀ ಕೊಳ್ಳೇಗಾಲದ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ಹಳೆಯದನ್ನು ಮಾರಿ ಒಳ್ಳೆಯದನ್ನು ಕೊಳ್ಳದಿದ್ದರೆ ಮದುವೆ ಸೀಸನ್ನಿಗೆ ಬೇರೆಯವರನ್ನು ಕರೆಯುತ್ತೇವೆ ಎಂದು ತಂಡದವರು ಹೇಳಿಬಿಟ್ಟಿದ್ದರು.

"ಆ ಟಿಣಿಟಿಣಿಗೆ ನಾನ್ ಕಾಸ್ ಕೊಡಾಕಿಲ್ಲ. ಅಳೇದು ಎಷ್ಟಕ್ ಓಯ್ತದೋ ಅಷ್ಟ್ರಲ್ಲೇ ತಕೋ" ಎಂದಿದ್ದ ಅಪ್ಪ. ಆದರೂ ಮಾರಾಟ ಎಂದರೆ ಅವನ ಕೈ ಸುಮ್ಮನಿರಬೇಕಲ್ಲ! ಮಗಳು ಫೋನಿನಲ್ಲಿ ಹಾಕಿದ್ದ ಜಾಹೀರಾತು ನೋಡಿ ಹೌಹಾರಿದ.

"ಅದ್ನೈದ್ ಸಾವ್ರ ಅಂತ ಊರ್ಗೆಲ್ಲ ಕಾಣಂಗೆ ಬರ್ದಿದ್ದೀಯಲ್ಲವ್ವಾ! ಅಳಿಸು."

"ಬೆಲೆ ಆಕ್ದಿದ್ರೆ ಫೋನು ಒಪ್ಪಾಕಿಲ್ಲ ಕಣಪ್ಪ."

"ಒಂದ್ ರುಪಾಯ್ ಅಂತ ಬರಿ. ಬಂದೋರ್ ಬೆರಳ ನಾನ್ ಇಡ್ಕತೀನಿ."

ಬರೆದದ್ದೇ ತಡ, ಫೋನಿಗೆ ಪುರುಸೊತ್ತಿಲ್ಲ. ಹನೂರಿನವನೊಬ್ಬ ಒಂದು ರೂಪಾಯಿ ಕಳಿಸಿಯೇಬಿಟ್ಟು, ಗಿಟಾರ್ ಒಯ್ಯಲು ಎಲ್ಲಿಗೆ ಬರಲಿ ಎಂದು ಕೇಳಿದ. ಶಿವರುದ್ರಸ್ವಾಮಿ ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ನಿಜವಾಗಿ ಕೊಳ್ಳಲು ಬಂದವನು ಯಳಂದೂರಿನ ಬಟ್ಟೆ ಅಂಗಡಿಯ ಗುರುಪಾದಸ್ವಾಮಿ. ತಲೆ ನರೆತ ಮೇಲೆ ಗಿಟಾರ್ ಕಲಿಯುವ ಆಸೆ ಹುಟ್ಟಿತ್ತು. ಕೈಮೇಲೆ ಟವೆಲ್ ಬಿದ್ದದ್ದೇ ಬೆಚ್ಚಿ ಹಿಂದಕ್ಕೆ ಎಳೆದುಕೊಂಡ.

"ಮೊದ್ಲು ನುಡಿಸಿ ತೋರಿಸ್ಲಿ ಸ್ವಾಮಿ."

"ನ್ಯಾಯ ಕಣ್ರಿ. ನೊಗಕ್ ಊಡಿ ನೋಡ್ದೆ ಎತ್ ತಕಂಡಾರಾ? ಬಾರ್ಸವ್ವ."

ಅಪ್ಪ ಸಂತೆಯಲ್ಲಿ, ಮಗಳು ಮದುವೆ ಮನೆಗಳಲ್ಲಿ. ಅವಳು ನುಡಿಸುವುದನ್ನು ಅವನು ಎಂದೂ ಕೂತು ಕೇಳಿರಲಿಲ್ಲ. ನಾಗಶ್ರೀ ಸ್ಪೀಕರಿಗೆ ವೈರು ಸಿಕ್ಕಿಸಿ ನುಡಿಸಿದಳು. ಜಗಲಿಯ ಮುಂದೆ ಹೋಗುತ್ತಿದ್ದವರು ನಿಂತರು. ಶಿವರುದ್ರಸ್ವಾಮಿಗೆ ವ್ಯಾಪಾರವೇ ಮರೆತುಹೋಯಿತು. ಇಂಥ ಮಗಳನ್ನು ಇಷ್ಟು ದಿನ ಹಂಗಿಸಿದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಗುರುಪಾದಸ್ವಾಮಿ ತಾನಾಗಿಯೇ ಟವೆಲಿನೊಳಗೆ ಕೈ ತೂರಿಸಿ, ಎರಡು ಬೆರಳು ಒತ್ತಿದ. ಬೆರಳಿಗೆ ಹತ್ತರಂತೆ ಇಪ್ಪತ್ತು ಸಾವಿರ! ಬೇರೆ ದಲ್ಲಾಳಿಯಾಗಿದ್ದರೆ ಅಲ್ಲೇ ಮುಗಿಸುತ್ತಿದ್ದ.

"ಬ್ಯಾಡಿ ಸಾ" ಎಂದು ಇವನು ಟವೆಲನ್ನೇ ತೆಗೆದುಬಿಟ್ಟ. "ಈಗ ಕೇಳುದ್ರಲ್ಲ, ಅದು ಗಿಟಾರಿಂದಲ್ಲ, ನನ್ ಮಗಳ್ ಕೈಯ್ದು. ನಿಮ್ಮನೇಲಿ ಇಂಗ್ ನುಡಿಯಾಕಿಲ್ಲ. ಎಂಟ್ ಸಾವ್ರ ಕೊಡಿ, ಸಾಕು."

ನಾಗಶ್ರೀಯ ಮುಖ ಸಪ್ಪಗಾಯಿತು. "ಅಪ್ಪಾ, ಒಸದು ಎಂಗ್ ತಕಳ್ಳಿ?"

"ಮಿಕ್ಕುದ್ದ ನಾನ್ ಆಕ್ತೀನಿ ಕಣವ್ವ. ಇನ್ನೊಂದ್ಸಲ ಬಾರ್ಸು."

ಒಯ್ಯಲು ಚೀಲ ಬಿಚ್ಚಿ ನಿಂತಿದ್ದ ಗುರುಪಾದಸ್ವಾಮಿ ಸಂಜೆಯ ಬಸ್ಸು ತಪ್ಪುವವರೆಗೂ ಕಾಯಬೇಕಾಯಿತು.