ಹಿಟ್ಟಿನ ತಾತನ ನೋಟ್‌ಬುಕ್ಕು

ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆ ಅವರದು. ಮೊಣಕೈವರೆಗೂ ಸದಾ ಬಿಳಿ ಪುಡಿ ಮೆತ್ತಿಕೊಂಡಿರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಹಿಟ್ಟಿನ ತಾತ. ಡಾಕ್ಟರು ಮೂಳೆ ಕೂರಿಸಿದ ಮೇಲೆ ತಾತ ಹತ್ತಿ ಸುತ್ತಿ, ಅದರ ಮೇಲೆ ನೀರಿನಲ್ಲಿ ಅದ್ದಿದ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದರು. ಅದು ಗಟ್ಟಿಯಾಗುವ ತನಕ ಮಗು ಅಲ್ಲಾಡಬಾರದು. ಮುರಿದ ಕೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿದುಕೊಂಡು ಕೇಳುವರು: “ಹೇಗೆ ಬಿದ್ದೆ, ಹೇಳು ನೋಡೋಣ?”

ಮಗು ನೋವು ಮರೆಯಲಿ ಎಂಬುದು ನೆಪ, ಕೇಳುವ ಚಪಲ ತಾತನದು. ಮರದಿಂದ, ಸೈಕಲ್ಲಿನಿಂದ, ಅಣ್ಣನ ಹೆಗಲಿನಿಂದ ಬಿದ್ದವರ ಮಾತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಯಾರಿಗೆ ಬೇಕಿತ್ತು ಅದು? ಯಾರಿಗೂ ಬೇಡ. ತಾತನಿಗೆ ಬೇಕು, ಅಷ್ಟೆ.

ಎರಡು ವರ್ಷದಿಂದ ಹೋವರ್‌ಬೋರ್ಡಿನ ಸುಗ್ಗಿ. ಎರಡು ಚಕ್ರ, ನಡುವೆ ಪಾದ ಊರಲು ಹಲಗೆ, ಹಿಡಿದುಕೊಳ್ಳಲು ಏನೂ ಇಲ್ಲ; ಮೈಭಾರ ಮುಂದಕ್ಕೆ ಹಾಕಿದರೆ ಮುಂದಕ್ಕೆ ಓಡುತ್ತದೆ. ಬಿದ್ದವರು ಅಂಗೈ ಊರುತ್ತಿದ್ದರು, ಮಣಿಕಟ್ಟು ಮುರಿಯುತ್ತಿತ್ತು. ಪುಟ ತಿರುವಿ ನೋಡಿದ ತಾತನಿಗೆ ಒಂದು ವಿಷಯ ಹೊಳೆಯಿತು. ಬಹಳಷ್ಟು ಮಕ್ಕಳು ಬಿದ್ದದ್ದು ಓಡಿಸುವಾಗ ಅಲ್ಲ, ಇಳಿಯುವಾಗ. ಹಾಗಾದರೆ ಇಳಿಯುವಾಗ ಯಾರಾದರೂ ಕೈ ಹಿಡಿದರೆ ಸಾಕಲ್ಲ! ಅಲ್ಲಿಂದ ತಲೆಗೆ ಹುಳ ಹೊಕ್ಕಿತು.

ಹನ್ನೊಂದು ವರ್ಷದ ಮೊಮ್ಮಗಳು ಹೋವರ್‌ಬೋರ್ಡ್ ಬೇಕೆಂದು ಪ್ರಾಣ ತಿನ್ನುತ್ತಿದ್ದಳು. ಅವಳ ಅಮ್ಮ, ಅಂದರೆ ತಾತನ ಮಗಳು, ಸುತರಾಂ ಒಪ್ಪಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮಗುವನ್ನು ಕರೆತಂದು ನೋಡಿಕೊಳ್ಳುವವರು ತಾತನೇ. ಆ ನಂಬಿಕೆಯ ಮೇಲೆಯೇ ಮಗಳು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಶನಿವಾರ ಪಕ್ಕದ ಮನೆಯ ಬೋರ್ಡನ್ನು ಕೇಳಿ ತಂದ ತಾತ, “ನಾನಿದ್ದೀನಿ, ಹತ್ತು” ಎಂದುಬಿಟ್ಟರು.

ಹುಡುಗಿ ಅಂಗಳದಲ್ಲಿ ಚೆನ್ನಾಗಿಯೇ ಓಡಿಸಿದಳು. ಇಳಿಯುವ ಹೊತ್ತಿಗೆ ತಾತ ಎದುರು ನಿಂತು ಕೈ ಹಿಡಿದರು. ಅವಳು ಸ್ವಲ್ಪ ತೂಗಾಡಿದ್ದೇ ತಡ, ಗಾಬರಿಯಲ್ಲಿ ತಮ್ಮ ಕಡೆಗೆ ಎಳೆದುಕೊಂಡರು. ಭಾರ ಮುಂದಕ್ಕೆ ಬಿತ್ತು. ಬೋರ್ಡು ನುಗ್ಗಿ ತಾತನ ಕಾಲಿಗೆ ಬಡಿಯಿತು. ಹುಡುಗಿ ಇನ್ನೊಂದು ಕೈ ಊರಿ ನೆಲಕ್ಕೆ ಬಿದ್ದಳು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವಳು ಅಳುತ್ತಲೇ ಹೇಳಿದಳು, “ನಾನೇ ಹತ್ತಿದೆ ಅಂತೀನಿ. ನೀನು ಸುಮ್ನಿರು ತಾತ. ಇಲ್ಲಾಂದ್ರೆ ಅಮ್ಮ ನನ್ನ ನಿನ್ನ ಹತ್ರ ಬಿಡಲ್ಲ.”

ಸುದ್ದಿ ತಿಳಿದು ಮಗಳು ಕೆಲಸದಿಂದ ಓಡಿ ಬರುವ ಹೊತ್ತಿಗೆ ಪಟ್ಟಿ ಸುತ್ತಿ ಮುಗಿದಿತ್ತು. ತಾತ ಆ ಪುಟ್ಟ ಕೈಯನ್ನು ಹಿಡಿದು ಕೂತಿದ್ದರು. ಆವತ್ತು ಅವರ ಬಾಯಿಂದ ಪ್ರಶ್ನೆಯೇ ಬರಲಿಲ್ಲ.

“ಯಾಕಪ್ಪಾ ಕೇಳಲ್ಲ? ಎಲ್ಲರನ್ನೂ ಕೇಳ್ತೀರಲ್ಲ, ಹೇಗೆ ಬಿದ್ದಳಂತೆ?” ಎಂದಳು ಮಗಳು.

“ಯಾರಿಗೂ ಹೇಳದೆ ನಾನೇ ಹತ್ತಿದೆ ಅಮ್ಮಾ,” ಎಂದಳು ಹುಡುಗಿ.

ತಾತನ ಅಂಗೈಯೊಳಗೆ ಪ್ಲಾಸ್ಟರ್ ಗಟ್ಟಿಯಾಗುತ್ತಾ ಬಿಸಿಯಾಗುತ್ತಿತ್ತು. ಇಷ್ಟು ವರ್ಷದಲ್ಲಿ ಮಕ್ಕಳು ಹೇಳಿದ್ದರಲ್ಲಿ ಸುಳ್ಳೆಷ್ಟಿತ್ತೋ, ಯಾರನ್ನು ಉಳಿಸಲು ಹೇಳಿದ್ದೋ ಎಂದು ತಾತನಿಗೆ ಮೊದಲ ಸಲ ಅನುಮಾನ ಬಂತು. ನಾಚಿಕೆಯೂ ಆಯಿತು.

“ಸುಳ್ಳು ಕಣಮ್ಮ. ಹತ್ತಿಸಿದ್ದು ನಾನು. ಇಳಿಸುವಾಗ ಎಳೆದಿದ್ದೂ ನಾನೇ.”

ಮಗಳ ಮುಖ ಕೆಂಪಾಯಿತು. ಬೈಗುಳಕ್ಕೆ ಸಿದ್ಧರಾಗಿ ತಾತ ತಲೆ ತಗ್ಗಿಸಿದರು. ಅವಳು ಕಪಾಟಿನ ಮೇಲಿದ್ದ ನೋಟ್‌ಬುಕ್ಕನ್ನು ತೆಗೆದು, ಪೆನ್ನು ಹುಡುಕಿ, ಹೊಸ ಸಾಲಿನಲ್ಲಿ ಬರೆದಳು: ‘ತಾತ ಎಳೆದರು.’

ಬರೆದು ಮುಗಿಸಿ, ತಲೆಯೆತ್ತದೆಯೇ ಹೇಳಿದಳು:

“ನಾನು ಬಂದಾಗಿಂದ ಒಂದು ಕಾಲು ಚಾಚಿಕೊಂಡೇ ಕೂತಿದ್ದೀರಿ. ಪ್ಯಾಂಟ್ ಮೇಲೆತ್ತಿ, ನೋಡ್ತೀನಿ. ಸೋಮವಾರ ಸ್ಕೂಲಿಂದ ಇವಳನ್ನ ಕರ್ಕೊಂಡು ಬರೋರು ನೀವೇ ತಾನೆ?”