‘ಇರಬಹುದು’ ಎನ್ನುತ್ತಿದ್ದ ಮೇಡಂ

ಅವರ ಬಲಗೈ ತೋರುಬೆರಳಿನ ತುದಿ ಸದಾ ಬೆಳ್ಳಗೆ. ಪಾಠ ಮುಗಿಸಿ ಚಾಕ್‌ಪೀಸಿನ ಕೈಯಲ್ಲೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಕುಷ್ಟಗಿಯ ನಮ್ಮ ಕಾಲೇಜಿನಲ್ಲಿ ಅವರು ಗಣಿತದ ಮೇಡಂ, ನಾನು ಲ್ಯಾಬ್ ನೋಡಿಕೊಳ್ಳುವವಳು. ನಾನು ಬೆಳಗ್ಗೆ ಒರೆಸಿಟ್ಟ ಕೀಲಿಮಣೆ ಸಂಜೆಯೊಳಗೆ ಮತ್ತೆ ಸುಣ್ಣ ಬಳಿದುಕೊಂಡಿರುತ್ತಿತ್ತು. ಬೈಯುವ ಧೈರ್ಯ ನನಗಿರಲಿಲ್ಲ.

ಅವರೊಂದು ಲೈಬ್ರರಿ ಬರೆಯುತ್ತಿದ್ದರು. ಪುಸ್ತಕದ್ದಲ್ಲ, ಕಂಪ್ಯೂಟರಿನದು; ಪ್ರೋಗ್ರಾಂ ಬರೆಯುವ ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಎತ್ತಿಕೊಳ್ಳಬಹುದಾದಂಥದ್ದು. ನೂರಾರು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ಅದು ಹೇಳಬೇಕು. ಭಾಗಿಸುತ್ತ ಕೂತರೆ ಜನ್ಮ ಸಾಲದು. ಹಾಗಾಗಿ ಅದು ಸಿಕ್ಕಸಿಕ್ಕ ಸಂಖ್ಯೆಗಳನ್ನು ಸಾಕ್ಷಿಗೆ ಕರೆಯುತ್ತಿತ್ತು. ಒಂದು ಸಾಕ್ಷಿ ವಿರುದ್ಧ ನುಡಿದರೂ ಉತ್ತರ ‘ಅಲ್ಲ’. ಎಲ್ಲವೂ ಸುಮ್ಮನಿದ್ದರೆ ‘ಇರಬಹುದು’. ನೋಡಲು ಚಂದವೆಂದು ನಾನೊಮ್ಮೆ ಅದನ್ನು ‘ಹೌದು’ ಎಂದು ತಿದ್ದಿಬಿಟ್ಟೆ. ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಮೂರನೆಯ ದಿನ ತಾವೇ ಬಂದರು. “ಅಲ್ಲ ಅನ್ನಾಕ ಒಂದ ಸಾಕ್ಷಿ ಸಾಕವಾ. ಹೌದು ಅನ್ನಾಕ ಎಷ್ಟ ಮಂದಿ ಸುಮ್ಮನ ಕುಂತ್ರೂ ಸಾಲೂದಿಲ್ಲ.”

ಯಲಬುರ್ಗಾ ಕಡೆಯವರು. ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಅವರ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ನಾನು ಹೋದರೆ ಅವರು ಮಂಚದ ಮೇಲೆ ಕೂರಬೇಕು. ಒಂದು ದಿನ ಮನೆ ಮಾಲಕರ ಹೆಂಡತಿ ಬಾಗಿಲಿಗೆ ಬಂದರು. “ಮೇಡಮ್ಮಾರ, ಲೈಬ್ರರಿ ಮಾಡೀರಂತ. ಅಡಗಿ ಪುಸ್ತಕ ಇದ್ರ ಒಂದ ಕೊಡ್ರಿ.” ನಾನು ನಗು ತಡೆದುಕೊಂಡೆ. ಮೇಡಂ ಮಾತ್ರ ಎದ್ದು ಚಹಾಕ್ಕಿಟ್ಟರು. “ಕುಂದರ್ರಿ. ನನ್ನ ಲೈಬ್ರರಿಗೆ ಬಂದ ಮೊದಲನೇ ಮಂದಿ ನೀವ ನೋಡ್ರಿ.”

ಅದು ತಮಾಷೆಯಲ್ಲ, ನಿಜ. ಲೈಬ್ರರಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟು ವರ್ಷವಾಗಿತ್ತು. ದಿನಾ ಬೆಳಗ್ಗೆ ಪುಟ ತೆರೆದು ಯಾರಾದರೂ ಇಳಿಸಿಕೊಂಡರೇ ಎಂದು ನೋಡುವರು. ಯಾರೂ ಇಲ್ಲ. ಸುಮ್ಮನೆ ಪುಟ ಮುಚ್ಚಿ ತರಗತಿಗೆ ಹೋಗುವರು. ಆ ಮುಖ ನನ್ನಿಂದ ನೋಡಲಾಗಲಿಲ್ಲ. ಯಾವುದೋ ಊರಿನ, ಯಾರದೋ ಹೆಸರು ಹಾಕಿ ನಾನೇ ಮನೆಯಿಂದ ಇಳಿಸಿಕೊಂಡೆ. ‘ನನ್ನ ಕೆಲಸಕ್ಕೆ ತುಂಬಾ ಉಪಯೋಗವಾಯಿತು’ ಎಂದೂ ಬರೆದೆ.

ಮರುದಿನ ಮೇಡಂ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ತರಿಸಿದರು. ನನ್ನ ಕೈ ಹಿಡಿದು, “ಯಾರೋ ಒಬ್ರು ಅದಾರವಾ!” ಎಂದರು. ನನ್ನ ಕೈಗೂ ಚಾಕ್‌ಪುಡಿ ಮೆತ್ತಿತು. ಅಂದಿನಿಂದ ಆ ‘ಯಾರೋ ಒಬ್ಬರಿಗಾಗಿ’ ಅವರು ಲೈಬ್ರರಿಯನ್ನು ತಿದ್ದುತ್ತಲೇ ಇದ್ದರು. ಪ್ರತಿ ಸಲವೂ ನಾನು ಇಳಿಸಿಕೊಳ್ಳುತ್ತಲೇ ಇದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಮಾತು ಬಾಯಿತನಕ ಬಂದಿತ್ತು.

ಹೋದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲೇ ಕೊನೆಯ ಸಲ ತಿದ್ದಿ ಕಳಿಸಿದ್ದ ಲೈಬ್ರರಿಯನ್ನು ನಾನು ಇಳಿಸಿಕೊಂಡದ್ದು ಮಣ್ಣು ಮಾಡಿ ಬಂದ ಮೇಲೆ. ಅದರ ಮೊದಲ ಪುಟದಲ್ಲಿ ಒಂದು ಹೊಸ ಸಾಲಿತ್ತು: ‘ಬಳಸುವವರು ಒಬ್ಬರು ಇರಬಹುದು.’

ಓದಿ ಅತ್ತುಬಿಟ್ಟೆ. ಆ ಒಬ್ಬರು ನಾನೇ ಎಂದು ಅವರಿಗೆ ಗೊತ್ತಿತ್ತೋ ಏನೋ. ‘ಅಲ್ಲ’ ಎನ್ನಲು ಇದ್ದ ಒಂದೇ ಸಾಕ್ಷಿ ನಾನು. ಕೊನೆಯತನಕ ಸುಮ್ಮನೆ ಕೂತಿದ್ದೆ.