ಮುಂದಕ್ಕೆ ಎಳೆದ ಸೀಟು

ಕ್ಲಚ್ ತುಳಿದಾಗಲೆಲ್ಲ ಅವರ ಎಡಗಾಲಿನ ಹಿಮ್ಮಡಿ ಶೂ ಬಿಟ್ಟು ಮೇಲೇಳುತ್ತಿತ್ತು. ನೀಲಿ ಕಾಲುಚೀಲ ಅಲ್ಲಿ ಹರಿದಿತ್ತು. ಕೆಂಪು ದಾರದಲ್ಲಿ ಹೊಲಿದುಕೊಂಡಿದ್ದರು. ಟಿಕೆಟ್ ಕೊಡುತ್ತ ಮುಂದೆ ಹೋದಾಗ ನನ್ನ ಕಣ್ಣು ಆ ದಾರದ ಮೇಲೆ ಬೀಳುತ್ತಿತ್ತು. ಈಗ ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ಅದೇ ಬರುತ್ತದೆ.

ನಾನು ಕಂಡಕ್ಟರ್, ಅವರು ಡ್ರೈವರ್. ಬನಶಂಕರಿಯಿಂದ ಜಯನಗರ ಸುತ್ತಿ ಹುಳಿಮಾವಿಗೆ ಹೋಗುವ ಬಸ್ಸು, ಬೆಳಗಿನ ಪಾಳಿ. ನಮ್ಮ ಡಿಪೋದಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ಅವರೊಬ್ಬರೇ. ಪುಟ್ಟೇನಹಳ್ಳಿಯವರು. ಮನೆಯವರು ಸೊಪ್ಪು ಬೆಳೆಯುತ್ತಿದ್ದ ಕಾಲದಲ್ಲಿ ಅಪ್ಪನ ಟೆಂಪೋದಲ್ಲಿ ಅದನ್ನು ಮಾರ್ಕೆಟ್ಟಿಗೆ ಸಾಗಿಸುತ್ತ ಗಾಡಿ ಕಲಿತವರು.

ಮೊದಲ ದಿನ, ಬನಶಂಕರಿಯಲ್ಲಿ ಜನ ಹತ್ತಿದ ಮೇಲೆ ಅಭ್ಯಾಸದಂತೆ "ರೈಟ್ ಅಣ್ಣಾ!" ಎಂದು ಕೂಗಿದೆ. ಬಸ್ಸು ಅಲ್ಲಾಡಲಿಲ್ಲ. ಮತ್ತೆ ಕೂಗಿದೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಅಣ್ಣ ಇವತ್ ಬಂದಿಲ್ಲ ಕಂಡಕ್ಟ್ರೇ. ಅಕ್ಕ ಬಂದವ್ರೆ."

ಬಸ್ಸಿಗೆ ಬಸ್ಸೇ ನಕ್ಕಿತು. "ರೈಟ್ ಅಕ್ಕಾ" ಎಂದೆ. ಹೊರಟಿತು.

ಅವರು ಕುಳ್ಳಗಿದ್ದರು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡರೆ ಮಾತ್ರ ಕಾಲಿಗೆ ಕ್ಲಚ್ ಸರಿಯಾಗಿ ಸಿಗುತ್ತಿತ್ತು. ಮಧ್ಯಾಹ್ನ ಅದೇ ಬಸ್ಸನ್ನು ವಹಿಸಿಕೊಳ್ಳುತ್ತಿದ್ದ ಡ್ರೈವರ್ ಆರಡಿ ಆಳು. ಹತ್ತುವಾಗ ಮೊಣಕಾಲು ಬಡಿದುಕೊಂಡು ದಿನವೂ ಗೊಣಗುತ್ತಿದ್ದರು. "ಮಹಾರಾಣಿ ಸಿಂಹಾಸನ ತಳ್ಳೋಕೆ ನನಗೇನ್ ಗ್ರಹಚಾರನಾ?" ಕೊನೆಗೆ ಮೆಕ್ಯಾನಿಕ್‌ಗೆ ಹೇಳಿ, ಸೀಟು ಹಿಂದೆಯೇ ನಿಲ್ಲುವಂತೆ ವೆಲ್ಡ್ ಮಾಡಿಸಿಬಿಟ್ಟರು.

ಆಮೇಲೆ ನಮ್ಮ ಅಕ್ಕ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಸೀಟಿನ ಅಂಚಿಗೆ ಜಾರಿ ಕೂತು, ಬೆರಳ ತುದಿಯಲ್ಲಿ ಕ್ಲಚ್ ತುಳಿದರು. ಹಿಮ್ಮಡಿ ಶೂ ಬಿಟ್ಟು ಏಳಲು ಶುರುವಾದದ್ದು ಆಗಲೇ. ಡಿಪೋ ಆಫೀಸಿನಲ್ಲಿ ದೂರು ಕೊಟ್ಟರು. "ನಿಮಗ್ಯಾಕಮ್ಮ ಈ ಕಷ್ಟ? ಆಫೀಸಲ್ಲಿ ಫ್ಯಾನ್ ಕೆಳಗೆ ಕೂತ್ಕೊಳಿ," ಎಂದರು ಅಲ್ಲಿಯವರು. ಅಕ್ಕ ಹೆದರುತ್ತಿದ್ದದ್ದು ಆ ಫ್ಯಾನಿಗೇ.

"ಒಂದ್ಸಲ ಇಳಿದ್ರೆ ಮತ್ತೆ ಹತ್ಸಲ್ಲ ಕಂಡಕ್ಟ್ರೇ. ನನ್ನೂ ಹತ್ಸಲ್ಲ, ನನ್ ಹಿಂದೆ ಬರೋಳ್ನೂ ಹತ್ಸಲ್ಲ."

ಆ ವರ್ಷದ ಮಹಿಳಾ ದಿನಕ್ಕೆ ಡಿಪೋ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸಮಾನತೆಯ ಬಗ್ಗೆ ಭಾಷಣ ಮುಗಿಸಿ ಮ್ಯಾನೇಜರು ಅಕ್ಕನ ಕೈಗೊಂದು ಗುಲಾಬಿ ಕೊಟ್ಟರು.

"ಹೂ ಚೆನ್ನಾಗೈತೆ ಸಾರ್. ಒಂದ್ಸಲ ನನ್ ಸೀಟಲ್ಲಿ ಕೂತ್ ನೋಡಿ."

ಮ್ಯಾನೇಜರೂ ಎತ್ತರದವರಲ್ಲ. ನಗುತ್ತಲೇ ಹತ್ತಿ ಕೂತು ಕಾಲು ಚಾಚಿದರು. ಬೂಟಿನ ತುದಿ ಕ್ಲಚ್ಚಿಗೆ ತಾಗಿತಷ್ಟೇ. ಹಿಂದಿನಿಂದ ಯಾರೋ "ಸಾರ್, ದಿಂಬು ತರ್ಲಾ?" ಎಂದ. ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ.

"ನನಗೆ ಬೇರೆ ಸೀಟು ಬೇಡ ಸಾರ್. ಇದೇ ಮುಂದಕ್ಕೂ ಬರ್ಲಿ, ಹಿಂದಕ್ಕೂ ಹೋಗ್ಲಿ. ಅವ್ರಿಗೂ ಕಾಲೈತೆ, ನನಗೂ ಕಾಲೈತೆ."

ಅಂದೇ ವೆಲ್ಡಿಂಗ್ ಬಿಡಿಸಿದರು. ಮರುದಿನ ಪಾಳಿ ಮುಗಿಸಿ ಇಳಿಯುವ ಮುನ್ನ ಅಕ್ಕ ತಾವೇ ಸೀಟನ್ನು ಹಿಂದಕ್ಕೆ ತಳ್ಳಿ, "ಬನ್ನಿ ಅಣ್ಣ, ಸಿಂಹಾಸನ ರೆಡಿ," ಎಂದರು. ಆರಡಿ ಡ್ರೈವರ್ ಮುಖ ತಿರುಗಿಸಿಕೊಂಡೇ ಹತ್ತಿದರು. ಅಕ್ಕ ದಿನವೂ ಹಾಗೇ ಮಾಡಿದರು. ಸೀಟು ಮುಂದೆ ಬಂದರೂ ಅವರ ಹಿಮ್ಮಡಿ ಏಳುವುದು ಮಾತ್ರ ನಿಲ್ಲಲಿಲ್ಲ. ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು.

ಕಳೆದ ಮಳೆಗಾಲದಲ್ಲಿ ಜ್ವರವೆಂದು ರಜೆ ಹಾಕಿದರು. "ಸೋಮವಾರ ಬರ್ತೀನಿ. ಅಷ್ಟರೊಳ್ಗೆ ಸೀಟ್ ಯಾರೂ ಬಿಗೀದಂಗೆ ನೋಡ್ಕೊಳಿ." ಡೆಂಗ್ಯೂ. ಮತ್ತೆ ನಾನು ಅವರನ್ನು ನೋಡಿದ್ದು ಪುಟ್ಟೇನಹಳ್ಳಿಯ ಅವರ ಮನೆಯ ಮುಂದೆ, ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದಾಗ. ಪಾದದ ಕಡೆ ಬಟ್ಟೆ ಸ್ವಲ್ಪ ಸರಿದಿತ್ತು. ನೋಡಲಾರದೆ ಎದುರಿನ ಕೆರೆಯ ಕಡೆ ತಿರುಗಿ ನಿಂತೆ.

ಬೆಳಗಿನ ಪಾಳಿಗೆ ಹೊಸ ಡ್ರೈವರ್ ಬಂದ. ಹತ್ತಿದವನೇ ಮೊಣಕಾಲು ಉಜ್ಜಿಕೊಂಡ. "ಯಾರ್ ಗುರು ಇದು, ಸೀಟ್ ಇಷ್ಟ್ ಮುಂದಕ್ಕೆ ಎಳ್ದಿರೋದು?"

ಅವನು ಹಿಂದಕ್ಕೆ ತಳ್ಳಿ ಕೂತ. ಮಾರನೆಯ ಬೆಳಿಗ್ಗೆ ಸೀಟು ಮತ್ತೆ ಮುಂದಿತ್ತು. ಅದರ ಮಾರನೆಯ ದಿನವೂ. ಆ ಖಾಲಿ ಸೀಟು ಸ್ಟೇರಿಂಗಿಗೆ ಒತ್ತಿಕೊಂಡು ನಿಂತಿರುವುದನ್ನು ನೋಡಿದರೆ ಯಾರೋ ಈಗಷ್ಟೇ ಎದ್ದು ಹೋದಂತಿರುತ್ತಿತ್ತು. ನಾನು ಹಿಂಬಾಗಿಲಿನಿಂದ ಹತ್ತತೊಡಗಿದೆ.

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಆರಡಿ ಡ್ರೈವರನ್ನು ಕೇಳಿದೆ. ಕೈಯಲ್ಲಿ ಟೀ ಲೋಟ ಹಿಡಿದಿದ್ದರು. ನನ್ನ ಕಡೆ ನೋಡಲಿಲ್ಲ.

"ನಾನೇ ಕಣಪ್ಪ. ರಾತ್ರಿ ಡಿಪೋಲಿ ಗಾಡಿ ಬಿಟ್ಟು ಇಳಿಯೋವಾಗ ಎಳೀತೀನಿ. ಆಯಮ್ಮ ನನಗೋಸ್ಕರ ಹಿಂದಕ್ಕೆ ತಳ್ಳೋಳು. ಒಂದಿನ ನಾನೂ ಆಯಮ್ಮಂಗೆ ಮುಂದಕ್ಕೆ ಎಳ್ದಿಟ್ಟೆ, ಆಮೇಲೆ ದಿನಾ ಎಳ್ದೆ. ಅದ್ರ ಬಗ್ಗೆ ಇಬ್ರೂ ಒಂದ್ ಮಾತಾಡ್ಲಿಲ್ಲ." ಟೀ ಆರುತ್ತಿತ್ತು. "ಈಗ ಹಿಂದೇನೆ ಬಿಟ್ಟು ಹೋದ್ರೆ, ಮತ್ತೆ ವೆಲ್ಡ್ ಮಾಡಿಸ್ದಂಗೆ ಅನ್ಸುತ್ತೆ."

ಹೊಸ ಡ್ರೈವರಿಗೆ ಇದನ್ನು ಹೇಳಿದೆ. ಅವನು ಗೊಣಗುವುದನ್ನು ಬಿಟ್ಟ. ಈಗ ಬೆಳಿಗ್ಗೆ ಸೀಟನ್ನು ಹಿಂದಕ್ಕೆ ತಳ್ಳುವಾಗ ಸದ್ದಾಗದಂತೆ ತಳ್ಳುತ್ತಾನೆ.

ನಿನ್ನೆ ಬನಶಂಕರಿಯಲ್ಲಿ ಜನ ಹತ್ತಿದರು. ನಾನು ಹಿಂಬಾಗಿಲಲ್ಲಿ ನಿಂತು, ಯೋಚಿಸದೆ, "ರೈಟ್ ಅಕ್ಕಾ!" ಎಂದುಬಿಟ್ಟೆ. ಯಾರೋ ಕಿಸಕ್ಕೆಂದರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಒಂದು ಗಳಿಗೆ ಬಸ್ಸು ಅಲ್ಲಾಡಲಿಲ್ಲ.